ಕೆಮಿಸ್ಟ್ರಿ ಇಲ್ಲದ ಕಾಂಬಿನೇಷನ್

ಮೊನ್ನೆ ಅಜ್ಜಿಯೊಬ್ಬರು ಅಂಗಡಿಗೆ ಬಂದು ಬಾಯಿಹುಣ್ಣಿಗೆಂದು ಬಿ-ಕಾಂಪ್ಲೆಕ್ಸ್ ಕೇಳಿದರು. ಪೂರ್ತಿ ಸ್ಟ್ರಿಪ್ ಬೇಡ, ಅರ್ಧ ಸಾಕು ಎಂದರು. ಕತ್ತರಿ ಹಾಕುವಾಗ ಕೈ ತಪ್ಪಿ ಒಂದು ಮಾತ್ರೆ ತುಂಡಾಯಿತು. ಆ ವಾಸನೆ ಗೊತ್ತಲ್ಲ, ಮುಚ್ಚಿಟ್ಟ ಹಿಟ್ಟು ಹುಳಿ ಬಂದಂತೆ ಗಪ್ಪೆಂದು ಮೂಗಿಗೆ ಹೊಡೆಯಿತು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಸುಮ್ಮನೆ ಮೂಸುತ್ತಾ ನಿಂತೆ. ಅಕ್ಕನ ಕೈಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು…

ನಂದಗುಡಿಯಲ್ಲಿ ಅವರನ್ನು ಎಲ್ಲರೂ ಮೆಡಿಕಲ್ ಅಕ್ಕ ಎನ್ನುತ್ತಿದ್ದರು. ಮಧುರೆ ಹೋಬಳಿ ಕಡೆಯ ಹೆಣ್ಣು, ಡಿ.ಫಾರ್ಮ ಡಿಪ್ಲೊಮಾ ಓದಿ ಮದುವೆಯಾಗಿ ಬಂದವರು. ಹೆಣ್ಣು ನೋಡಲು ಹೋದ ದಿನ ಅವರ ಮಾವ ಜಾತಕಕ್ಕೂ ಮೊದಲು ಸರ್ಟಿಫಿಕೇಟ್ ನೋಡಿದರಂತೆ. ಮೆಡಿಕಲ್ ಅಂಗಡಿ ಇಡಬೇಕೆಂದರೆ ಫಾರ್ಮಸಿ ಓದಿದ ಒಬ್ಬರು ಅಲ್ಲಿ ಕೂತಿರಲೇಬೇಕು, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ಬಾಡಿಗೆಗೆ ಸರ್ಟಿಫಿಕೇಟ್ ತಂದು ತಗಲಿಹಾಕುವವರೂ ಇದ್ದಾರೆ. ಮಾವ ಅಂಥವರಲ್ಲ. ನಿಯತ್ತಿನ ಮನುಷ್ಯ, ಆದ್ದರಿಂದ ಸೊಸೆಯನ್ನೇ ತಂದರು.

ಒಳ್ಳೆಯ ಮಾವ ಅವರು, ಅದೇ ತಾಪತ್ರಯ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಬೆಳಿಗ್ಗೆ ತಾವೇ ಷಟರ್ ಎತ್ತಿ, ಕಸ ಗುಡಿಸಿ, ಸೊಸೆಗೆ ಕಾಫಿ ತಂದು ಕೌಂಟರಿನ ಮೇಲೆ ಇಡುತ್ತಿದ್ದರು. "ನೀನೇ ಓನರು ಕಣಮ್ಮ, ನಾನು ಆಳು" ಎನ್ನುತ್ತಿದ್ದರು. ಓನರಮ್ಮ ಮಾತ್ರ ತವರಿಗೆ ಹೋಗಬೇಕೆಂದರೆ ಅಂಗಡಿ ರಜೆಯಿರುವ ಭಾನುವಾರಕ್ಕೆ ಕಾಯಬೇಕಿತ್ತು.

ತಮ್ಮನ ಮದುವೆಯ ದಿನದ ಕತೆಯನ್ನಂತೂ ಅಕ್ಕ ಹೇಳಿಕೊಂಡು ನಗುತ್ತಿದ್ದರು, ನನಗೆ ನಗು ಬರುತ್ತಿರಲಿಲ್ಲ. ಧಾರೆ ಮುಗಿದು ಊಟಕ್ಕೆ ಕೂರುವ ಹೊತ್ತಿಗೆ ಊರಿನಿಂದ ಫೋನ್ ಬಂತು, ಡ್ರಗ್ಸ್ ಇನ್‌ಸ್ಪೆಕ್ಟರ್ ಹೊಸಕೋಟೆ ಕಡೆ ರೌಂಡ್ಸ್ ಬಂದಿದ್ದಾರಂತೆ ಎಂದು. ಗಂಡನ ಬೈಕಿನಲ್ಲಿ ಕೂತು ಬಂದುಬಿಟ್ಟರು. ರೇಷ್ಮೆ ಸೀರೆಯ ಮೇಲೆ ಬಿಳಿ ಕೋಟು, ಮುಡಿಯಲ್ಲಿ ಕನಕಾಂಬರ. ಸಂಜೆಯವರೆಗೆ ಹಾಗೇ ಕೂತರು. ಯಾರೂ ಬರಲಿಲ್ಲ.

ನಾನು ಅದೇ ಬೀದಿಯವಳು. ಆಗ ಹೊಸಕೋಟೆಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಬಾಟನಿ, ಜುವಾಲಜಿ, ಕೆಮಿಸ್ಟ್ರಿ. ಮುಂದೇನು ಎಂದು ಯಾರಾದರೂ ಕೇಳಿದರೆ ಮೈಯೆಲ್ಲಾ ಉರಿಯುತ್ತಿತ್ತು. ಫಾರ್ಮಸಿಗೆ ಸೇರಬಹುದಾ ಎಂದು ಅಕ್ಕನನ್ನು ಕೇಳಿದೆ. ಅವರ ಮುಖ ಅರಳಿದ್ದು ಇವತ್ತಿಗೂ ಕಣ್ಣ ಮುಂದಿದೆ. ನನ್ನ ಪುಸ್ತಕಗಳನ್ನೂ ತಮ್ಮವನ್ನೂ ಕೌಂಟರಿನ ಮೇಲೆ ಹರಡಿ, ಗಿರಾಕಿಗಳ ಮಧ್ಯೆ ಮಧ್ಯೆ, ಒಂದೊಂದೇ ವಿಷಯ ಹೊಂದಿಸಿ ನೋಡಿದರು. ಆರ್ಗ್ಯಾನಿಕ್ ಕೆಮಿಸ್ಟ್ರಿ ಹೆಚ್ಚುಕಡಿಮೆ ಅದೇ. ಮೈಕ್ರೋಬಯಾಲಜಿ ಸ್ವಲ್ಪ ಕೂಡಿತು. ಔಷಧಿ ತಯಾರಿಸುವ ಪಾಠ ನಾನು ಓದೇ ಇರಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿ ಹೇಳಿದರು:

"ನೋಡೇ, ಇಷ್ಟೆಲ್ಲಾ ಕೂಡ್ತದೆ, ಆದ್ರೆ ಅವರು ಲೆಕ್ಕಕ್ಕೇ ತಗೊಳಲ್ಲ. ನಿನ್ನ ಪಿಯುಸಿ ಮಾರ್ಕ್ಸ್ ಕೇಳ್ತಾರೆ ಅಷ್ಟೇ. ಡಿಗ್ರಿ ಆದ್ರೂ ಮೊದಲನೇ ವರ್ಷಕ್ಕೇ ಕೂರ್ಬೇಕು."

"ಮೂರು ವರ್ಷ ಓದಿದ್ದು ನೀರಲ್ಲಿ ಹೋಮಾನಾ ಅಕ್ಕ?"

"ನಂದು ನೋಡು. ನಂಗೆ ಬಿ.ಫಾರ್ಮ ಎರಡನೇ ವರ್ಷಕ್ಕೆ ನೇರ ಸೀಟ್ ಕೊಡ್ತಾರೆ. ಹೋಗೋಕಾಗ್ತದಾ?"

ಆಗ ಗೊತ್ತಾಯಿತು, ಅವರಿಗೆ ಬಿ.ಫಾರ್ಮ ಡಿಗ್ರಿ ಓದುವ ಹುಚ್ಚಿತ್ತು. ಕೆಮಿಸ್ಟ್ರಿ ಎಂದರೆ ಪ್ರಾಣ. ಹಳೆಯ ಆಸ್ಪಿರಿನ್ ಮಾತ್ರೆ ತಂದು ಮೂಗಿಗೆ ಹಿಡಿದು "ವಿನೆಗರ್ ವಾಸ್ನೆ ಬಂತಾ? ಯಾಕೆ ಹೇಳು?" ಎಂದು ಕೇಳಿ, ನಾನು ತಡವರಿಸಿದರೆ ಬಿಲ್ಲಿನ ಹಿಂದೆ ಅದರ ರಚನೆ ಬರೆದು, ಹಳತಾದರೆ ಅದು ಒಡೆದು ಅಸಿಟಿಕ್ ಆಸಿಡ್ ಬಿಡುವುದನ್ನು ತೋರಿಸುತ್ತಿದ್ದರು. ಓದಲು ಹೋಗುತ್ತೇನೆ ಎಂದು ಮಾವನನ್ನು ಕೇಳಿದ್ದರಂತೆ. ಅವರು ಗದರಲಿಲ್ಲ. "ಹೋಗಮ್ಮ, ಯಾರ್ ಬ್ಯಾಡಾಂದ್ರು? ಕೂರೋಕೆ ಇನ್ನೊಬ್ರು ಸಿಗ್ಲಿ" ಎಂದರಂತೆ.

ಆ ಇನ್ನೊಬ್ಬರು ನಾನು. ಅಕ್ಕ ಅದನ್ನು ಮುಚ್ಚಿಡಲಿಲ್ಲ, ನೇರವಾಗಿಯೇ ಕೇಳಿದರು. "ನೀನು ಡಿ.ಫಾರ್ಮ ಮುಗ್ಸಿ ಬಾ. ನೀನು ಕೂತ್ಕೊ, ನಾನು ಏಳ್ತೀನಿ." ನಮ್ಮಪ್ಪನನ್ನು ಒಪ್ಪಿಸಿದವರೂ ಅವರೇ. ಡಿಗ್ರಿ ಮುಗಿಸಿದವಳು ಪಿಯುಸಿ ಮುಗಿಸಿದ ಮಕ್ಕಳ ಜೊತೆ ಬೆಂಚಿನಲ್ಲಿ ಕೂತೆ, ಹುಡುಗರು ನನ್ನನ್ನು ಆಂಟಿ ಎಂದರು. ಸಿಟ್ಟು ಬಂದಾಗಲೆಲ್ಲ ಅಕ್ಕನ ಮುಖ ನೆನೆಸಿಕೊಂಡೆ. ಸಂಜೆ ಬಸ್ಸಿಳಿದು ಅಂಗಡಿ ಮುಂದೆ ಹಾದರೆ ಸಾಕು, ಇವತ್ತು ಏನು ಪಾಠ ಆಯಿತು ಎಂದು ನಿಲ್ಲಿಸಿ ಕೇಳುತ್ತಿದ್ದರು. ಅಲ್ಲೇ ನನ್ನ ಪುಸ್ತಕ ಕಿತ್ತುಕೊಂಡು ಓದುತ್ತಿದ್ದರು.

ಸರ್ಟಿಫಿಕೇಟ್ ಕೈಗೆ ಬಂದ ದಿನ ಸ್ವೀಟ್ ಹಿಡಿದು ಹೋದೆ. ಅಕ್ಕ ನನ್ನನ್ನು ತಬ್ಬಿಕೊಂಡರು. ಮಾವನವರು ಮೈಸೂರುಪಾಕು ಬಾಯಿಗೆ ಹಾಕಿಕೊಂಡು, ನಿಜವಾಗಿಯೂ ಖುಷಿಯಿಂದ ಹೇಳಿದರು, "ಎರಡಾಯ್ತಲ್ಲಮ್ಮ! ಬೂದಿಗೆರೆ ಕಡೆ ಅಪಾರ್ಟ್‌ಮೆಂಟ್ ಮೇಲೆ ಅಪಾರ್ಟ್‌ಮೆಂಟ್ ಏಳ್ತಾವೆ. ಅಲ್ಲೊಂದು ಹಾಕಿಬಿಡೋಣ. ಇಲ್ಲಿ ನಮ್ಮ ಸೊಸೆ, ಅಲ್ಲಿ ನೀನು."

ಯಾರಿಗೋ ಜ್ವರದ ಸಿರಪ್ ಬೇಕಿತ್ತು, ಅಕ್ಕ ತೆಗೆದುಕೊಡಲು ತಿರುಗಿದರು. ತುಂಬಾ ಹೊತ್ತು ಈ ಕಡೆ ತಿರುಗಲೇ ಇಲ್ಲ… ಆ ಬೆನ್ನನ್ನು ನಾನು ಮರೆತಿಲ್ಲ. ಬೂದಿಗೆರೆಗೆ ಬರಲ್ಲ ಎಂದೆ. ಅಕ್ಕನೇ ಬೈದು ಕಳಿಸಿದರು, ಸಿಕ್ಕಿದ ಕೆಲಸ ಬಿಡಬೇಡ ಎಂದು.

ಮತ್ತೆ ಅವರು ಬಿ.ಫಾರ್ಮ ಮಾತೆತ್ತಲಿಲ್ಲ. ಲಾಕ್‌ಡೌನಿನಲ್ಲಿ ಬೀದಿಯ ಎಲ್ಲ ಷಟರುಗಳೂ ಕೆಳಗಿದ್ದವು, ಮೆಡಿಕಲ್ ಮುಚ್ಚುವ ಹಾಗಿರಲಿಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಜ್ವರ ಬಂದವರೆಲ್ಲ ಮೊದಲು ಅವರ ಮುಂದೆಯೇ ನಿಂತು ಕೆಮ್ಮಿದರು. ಹೊಸಕೋಟೆಯಲ್ಲಿ ಬೆಡ್ ಸಿಗುವ ಹೊತ್ತಿಗೆ ಅಕ್ಕ ಇರಲಿಲ್ಲ. ಅವರು ಆ ಅಂಗಡಿಯಿಂದ ಎದ್ದದ್ದು ಹೀಗೆ. ಇದನ್ನು ಬರೆಯುವಾಗಲೂ ಕೋಪ ಬರುತ್ತದೆ, ಯಾರ ಮೇಲೆ ಎಂದು ಗೊತ್ತಿಲ್ಲ.

ಮಾವ ಬೂದಿಗೆರೆಯ ಅಂಗಡಿ ಮಾರಿ ನನ್ನನ್ನು ನಂದಗುಡಿಗೆ ಕರೆತಂದರು. ಈಗ ಅಕ್ಕನ ಸ್ಟೂಲಿನ ಮೇಲೆ ನಾನು. ನೀನೇನು ಆ ಮನೆ ಸೊಸೆಯಾ, ಎದ್ದು ಬಾ ಎನ್ನುತ್ತಾನೆ ನನ್ನ ಗಂಡ. ಎದ್ದರೆ ಷಟರ್ ಬೀಳುತ್ತದೆ, ಆ ಮನೆ ಅದರಲ್ಲೇ ನಡೆಯುತ್ತಿದೆ. ಅಂಗಡಿಯ ಹಿಂದಿನ ಮನೆಯಲ್ಲಿ ಅಕ್ಕನ ಮಗಳಿದ್ದಾಳೆ, ಸ್ಕೂಲು ಬಿಟ್ಟು ಬಂದು ನನ್ನ ಪಕ್ಕದಲ್ಲೇ ಕೂತು ಬೆಳೆದವಳು. ಮಾವ ಈಗಲೂ ಕಾಫಿ ತಂದಿಡುತ್ತಾರೆ. "ಮೊಮ್ಮಗಳು ಫಾರ್ಮಸಿ ಮುಗ್ಸಿ ಬರ್ಲಿ, ನಿನ್ನ ಬಿಟ್ಕೊಡ್ತೀನಮ್ಮ" ಎನ್ನುತ್ತಾರೆ.

ಆ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ನಿನ್ನೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬಂದು ಕೌಂಟರಿಗೆ ಒರಗಿ ನಿಂತಳು.

"ಚಿಕ್ಕಮ್ಮ, ಪಿಯುಸಿಗೆ ಯಾವ ಕಾಂಬಿನೇಷನ್ ತಗೊಳ್ಲಿ? ತಾತ ಸೈನ್ಸ್ ಅಂತಾರೆ."

ಇಡೀ ವಾರ ನಾನು ಅದನ್ನೇ ಯೋಚಿಸಿದ್ದೆ. ಸುತ್ತಲಿನ ಕಾಲೇಜುಗಳಲ್ಲಿ ಏನೇನಿದೆಯೋ ವಿಚಾರಿಸಿದ್ದೆ. ಬಯಾಲಜಿ ಇರಲಿ, ಕಂಪ್ಯೂಟರ್ ಇರಲಿ, ಎಲೆಕ್ಟ್ರಾನಿಕ್ಸ್ ಇರಲಿ, ಫಿಸಿಕ್ಸು ಕೆಮಿಸ್ಟ್ರಿ ಜೊತೆಗೆ ಬಂದೇ ಬರುತ್ತವೆ, ಎಲ್ಲವೂ ಫಾರ್ಮಸಿಗೆ ನಡೆಯುತ್ತವೆ. ಸೈನ್ಸ್ ಓದಿ ಬೇರೇನಾದರೂ ಆಗಬಹುದಲ್ಲ ಎನ್ನುವವರಿಗೆ ಆ ಮಾವನ ಕಾಫಿಯ ರುಚಿ ಗೊತ್ತಿಲ್ಲ.

"ಕಾಮರ್ಸ್ ತಗೋ" ಎಂದೆ.

"ಅಯ್ಯೋ, ನಂಗೆ ಕೆಮಿಸ್ಟ್ರಿ ಇಷ್ಟ ಚಿಕ್ಕಮ್ಮ." ಕೌಂಟರಿನ ಮೇಲಿದ್ದ ಬಿಲ್ ಪುಸ್ತಕ ತಿರುವುತ್ತಾ ಕೇಳಿದಳು, "ಅಮ್ಮ ಇದ್ದಿದ್ರೆ ಏನ್ ಹೇಳ್ತಿದ್ಲು?"

ಅಕ್ಕ ಏನು ಹೇಳುತ್ತಿದ್ದರೆಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮಗಳಿಗೆ ಕೆಮಿಸ್ಟ್ರಿ ಇಷ್ಟ ಎಂದು ಕೇಳಿದ್ದರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

"ಕಾಮರ್ಸೇ ಅಂತಿದ್ರು" ಎಂದೆ.

ಹುಡುಗಿ ನಂಬಿದಳು. ಅಮ್ಮ ಹೇಳಿದ ಹಾಗೇ ಆಗಲಿ ಎಂದು ತಲೆಯಾಡಿಸಿ, ತಾತನಿಗೆ ಹೇಳಲು ಒಳಗೆ ಹೋದಳು. ನನ್ನ ಸುಳ್ಳನ್ನು ಅಲ್ಲಗಳೆಯಲು ಅಕ್ಕ ಇಲ್ಲದಿರುವುದು ಆಗ ನನಗೆ ಇನ್ನೊಮ್ಮೆ, ಹೊಸದಾಗಿ ಗೊತ್ತಾಯಿತು. ನನ್ನನ್ನು ಇಲ್ಲಿಂದ ಏಳಿಸಲು ಇನ್ನು ಯಾರೂ ಓದುತ್ತಿಲ್ಲ.