ಕಿಟಕಿ ಗಾಜಿಗೆ ಅಂಟಿದ ಕುದುರೆ

ಕಟ್ಟು ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಹಳೇ ಮೈದಾ ಅಂಟಿನ ಮುಗ್ಗಲು ವಾಸನೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ಕಳೆದ ಭಾನುವಾರ ಕೊಂಡು ತಂದ ಕಾಮಿಕ್ಸ್ ಬೈಂಡು ಅದು. ಏಳೆಂಟು ಪುಸ್ತಕ ಒಟ್ಟಿಗೆ ಸೇರಿಸಿ, ಸೀರೆ ಡಬ್ಬದ ರಟ್ಟು ಹಾಕಿ, ಮಗ್ಗದಲ್ಲಿ ಉಳಿದ ರೇಷ್ಮೆ ನೂಲಿನಿಂದ ಹೊಲಿದದ್ದು. ಒಂದಕ್ಕೂ ಕವರ್ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಪುಸ್ತಕ ಕೆಡಿಸುವ ಕೈ ಇಡೀ ದೊಡ್ಡಬಳ್ಳಾಪುರದಲ್ಲಿ ಒಂದೇ ಇದ್ದದ್ದು. ನಮ್ಮ ಲೈಬ್ರರಿ ಮಾಮನದು.

ನಮ್ಮ ಬೀದಿಯಲ್ಲೇ ಆತನ ಮಗ್ಗದ ಶೆಡ್ಡು. ಅದರ ಜಗಲಿಯ ಮೇಲೆ ಬಾಡಿಗೆ ಪುಸ್ತಕದ ಅಂಗಡಿ. ಹೊಸ ಕಾಮಿಕ್ಸ್ ಬಂದರೆ ಆತ ಮೊದಲು ಮಾಡುತ್ತಿದ್ದ ಕೆಲಸ ಕವರ್ ಕೀಳುವುದು. ಕೋಳಿಯ ಪುಕ್ಕ ತರಿದ ಹಾಗೆ, ಒಂದೇ ಎಳೆತ...

"ಯಾಕ್ ಮಾಮ ಕೀಳ್ತೀರಾ?" ಎಂದು ಒಮ್ಮೆ ಕೇಳಿದ್ದೆ.

"ಕವರ್ ನೋಡ್ಬಿಟ್ರೆ ಕಥೆ ಗೊತ್ತಾಗೋಯ್ತಲ್ಲಮ್ಮಾ. ಆಮೇಲೆ ಬಾಡಿಗೆಗೆ ಯಾರು ತಗೊಂಡೋಗ್ತಾರೆ, ನಿಮ್ಮಪ್ಪನಾ?"

ಕಿತ್ತ ಕವರುಗಳೆಲ್ಲ ಶೆಡ್ಡಿನ ಕಿಟಕಿ ಸೇರುತ್ತಿದ್ದವು. ಬಿಸಿಲು ಬಿದ್ದರೆ ರೇಷ್ಮೆ ನೂಲಿನ ಬಣ್ಣ ಇಳಿಯುತ್ತದೆಂದು ಗಾಜಿಗೆ ಒಳಗಿನಿಂದ ಕಾಗದ ಮೆತ್ತುವುದು ನಮ್ಮ ಬೀದಿಯವರ ಪದ್ಧತಿ. ಮಿಕ್ಕವರು ಹಳೇ ಪೇಪರ್ ಮೆತ್ತಿದರೆ ಈ ಮಹಾನುಭಾವ ಕವರ್ ಮೆತ್ತುತ್ತಿದ್ದ. ಅದೂ ಚಿತ್ರದ ಮುಖಕ್ಕೇ ಅಂಟು ಬಳಿದು, ಚಿತ್ರ ಬೀದಿಗೆ ಕಾಣುವ ಹಾಗೆ. ನಾವು ನೋಡಿ ಸಂತೋಷಪಡಲಿ ಅಂತಲ್ಲ.

"ಒಳಕ್ಕೆ ಕಂಡ್ರೆ ನನ್ ಮಗ್ಗದೋರು ಬಾಯ್ಬಿಟ್ಕೊಂಡು ಅದನ್ನೇ ನೋಡ್ತಾ ನಿಂತ್ಬಿಡ್ತಾರೆ. ಎಳೆ ಕಿತ್ತೋದ್ರೂ ಗೊತ್ತಾಗಲ್ಲ."

ಒಂದು ಚಿತ್ರಕ್ಕೆ ಮಗ್ಗ ನಿಲ್ಲಿಸುವ ಶಕ್ತಿ ಇದೆಯೆಂದು ಊರಲ್ಲಿ ನಂಬಿದ್ದವನು ಆತನೊಬ್ಬನೇ. ನಂಬಿಯೂ ಅದರ ಮುಖಕ್ಕೆ ಅಂಟು ಬಳಿದ. ಏನೂ ತಿಳಿಯದವನಾಗಿದ್ದರೆ ಕ್ಷಮಿಸಬಹುದಿತ್ತೇನೋ.

ಬಾಗಿಲ ಪಕ್ಕದ ಗಾಜಿನಲ್ಲಿ ನನ್ನ ಕುದುರೆ ಇತ್ತು. ಹಳದಿ ಆಕಾಶ, ಕೋಟೆ ಗೋಡೆ ಹಾರುತ್ತಿರುವ ನೀಲಿ ಕುದುರೆ, ಮೇಲೆ ಕೆಂಪು ಸೀರೆಯ ಹೆಂಗಸು. ಬರೆದವನು ಎಂಥ ಕಿಲಾಡಿಯೋ, ಕುದುರೆಯ ಮುಂಗಾಲನ್ನು ಚೌಕಟ್ಟಿನಿಂದಾಚೆಗೆ ಚಾಚಿಸಿಬಿಟ್ಟಿದ್ದ. ಸ್ಕೂಲಿಗೆ ಹೋಗುವಾಗ ನಿಂತು ನೋಡುತ್ತಿದ್ದೆ, ಇವತ್ತು ಗಾಜು ಒಡೆದು ಬೀದಿಗೆ ಇಳಿಯುತ್ತದೇನೋ ಎಂದು... ಮುಂದೆ ಹಳೇ ಕಾಮಿಕ್ಸ್ ಕೂಡಿಡುವ ಹುಚ್ಚು ಹತ್ತಿದ್ದು ಆ ಕವರಿಗಾಗಿಯೇ. ಎಷ್ಟೋ ಕವರ್ ಸಿಕ್ಕವು. ಅದೊಂದು ಸಿಗಲಿಲ್ಲ.

ಈಗ ಬೈಂಡು ತಿರುವಿದರೆ ಆ ಕುದುರೆಯ ಕಥೆ ನಡುಮಧ್ಯೆ ಕೂತಿದೆ! ಮಾರನೇ ದಿನವೇ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಮಾಮ ತೀರಿಕೊಂಡು ಬಹಳ ಕಾಲವಾಯಿತು. ಶೆಡ್ಡಿನಲ್ಲಿ ಮಗ್ಗವೂ ಇಲ್ಲ. ಆತನ ಸೊಸೆ ಅಲ್ಲಿ ಟೈಲರಿಂಗ್ ಇಟ್ಟುಕೊಂಡಿದ್ದಾಳೆ. ಬಾಗಿಲ ಪಕ್ಕದ ಗಾಜಿನಲ್ಲಿ ಕವರ್ ಇನ್ನೂ ಅಂಟಿಕೊಂಡೇ ಇತ್ತು, ಕೊಡುತ್ತೀಯಾ ಎಂದು ಕೇಳಿದೆ.

"ಅಯ್ಯೋ ಅಕ್ಕಾ, ಅದಾ?" ಎಂದು ನಕ್ಕಳು. "ಬಿಸ್ನೀರ್ ಹಾಕಿ ಉಜ್ಜಿ ಉಜ್ಜಿ ನನ್ ಕೈ ಬಿದ್ದೋಯ್ತು, ಬರ್ಲಿಲ್ಲ. ಗಾಜಿನ ಸಮೇತ ಕಿತ್ಕೊಂಡೋಗಿ, ಪುಣ್ಯ ಬರುತ್ತೆ. ನಂಗೆ ಬೆಳಕಾದ್ರೂ ಆಗ್ಲಿ."

ಗಾಜು ಬಿಚ್ಚಿ ಬೆಳಕಿಗೆ ಹಿಡಿದೆ. ಹಳದಿ ಹೋಗಿತ್ತು. ಕೆಂಪು ಪೂರ್ತಿ ಹೋಗಿತ್ತು. ಹೆಂಗಸು ಇದ್ದ ಕಡೆ ಬರೀ ಬಿಳಿ. ಯಾರದೋ ಮದುವೆ ಸೀರೆಯ ಕೆಂಪು ಉಳಿಯಲೆಂದು ಅವಳ ಕೆಂಪನ್ನು ಬಿಸಿಲಿಗೆ ಕೊಟ್ಟಿದ್ದ ಆ ಪುಣ್ಯಾತ್ಮ. ಕುದುರೆ ಮಾತ್ರ ನೀಲಿಯಾಗಿಯೇ ಇತ್ತು, ಮುಂಗಾಲು ಚಾಚಿಕೊಂಡು...

ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಕಥೆಯನ್ನಾದರೂ ಬೈಂಡಿನಿಂದ ಬಿಡಿಸಿ ಕವರಿನ ಜೊತೆಗಿಡೋಣವೆಂದು ಕತ್ತರಿ ಹಿಡಿದು ಕೂತರೆ, ಹೊಲಿಗೆ ಎಷ್ಟು ಬಿಗಿಯೆಂದರೆ ಒಂದು ಎಳೆ ಮೀಟಿದರೂ ಹಾಳೆ ಹರಿಯುತ್ತದೆ. ಜನ್ಮದಲ್ಲಿ ಆತ ನೆಟ್ಟಗೆ ಮಾಡಿದ್ದು ಅದೊಂದೇ ಕೆಲಸ.

ಎದುರಿಗೆ ನಿಂತು ಬೈಯೋಣವೆಂದರೆ ಆತನೂ ಇಲ್ಲ. ಕವರ್ ಗಾಜು ಬಿಡುವುದಿಲ್ಲ, ಕಥೆ ರಟ್ಟು ಬಿಡುವುದಿಲ್ಲ. ಎರಡೂ ನನ್ನ ಮನೆಯ ಒಂದೇ ಕಪಾಟಿನಲ್ಲಿ, ಬೇರೆ ಬೇರೆಯಾಗಿಯೇ ಇವೆ.