ವೋಲ್ಟಾ ದಂಡೆಯ ಒನಕೆ

ಸೆಫಾಕೊರ್ ಕೈ ಎತ್ತಿದಳೆಂದರೆ ದಂಡೆಯ ಗಂಡಸರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಗಂಡ ವೋಲ್ಟಾ ಸರೋವರದಲ್ಲಿ ಬಲೆಗೆ ಸಿಕ್ಕಿ ಮುಳುಗಿ ಸತ್ತಾಗ, ಅವನು ಮೀನು ಸಾಕುತ್ತಿದ್ದ ತೇಲುವ ಪಂಜರಗಳನ್ನು ಮೈದುನ ಕ್ಪೊಡೊ ಎಳೆದೊಯ್ಯಲು ಬಂದಿದ್ದ. ಅವಳು ದೋಣಿಯ ಹುಟ್ಟು ಎತ್ತಿ ಅವನ ಮಂಡಿಗೆ ಬಾರಿಸಿ ನೀರಿಗೆ ಕೆಡವಿದ್ದಳು. ಅಂದಿನಿಂದ ಇಬ್ಬರ ಪಂಜರಗಳೂ ಅಕ್ಕಪಕ್ಕ ತೇಲುತ್ತಿದ್ದವು, ಮಾತು ಮಾತ್ರ ಇರಲಿಲ್ಲ.

ಆ ವರ್ಷ ಬಿಸಿಲಿಗೆ ನೀರು ಕಾದಾಗ ರೋಗ ಬಂತು. ತಿಲಾಪಿಯ ಮೀನುಗಳು ಹುಚ್ಚು ಹಿಡಿದಂತೆ ಗಿರಗಿರನೆ ತಿರುಗಿದವು. ಕಣ್ಣುಗುಡ್ಡೆ ಊದಿ ಹೊರಚಾಚಿ, ಕಿವಿರಿನ ಬುಡದಲ್ಲಿ ರಕ್ತ ಒಸರಿ, ಹೊಟ್ಟೆ ಮೇಲಾಗಿ ತೇಲಿದವು. ಸೆಫಾಕೊರ್ ಸಾಯುತ್ತಿದ್ದವನ್ನು ಗೋರಿ ತಂದು, ದಿಮ್ಮಿಯ ಮೇಲಿಟ್ಟು, ದೊಣ್ಣೆಯಿಂದ ತಲೆ ಜಜ್ಜಿ, ಸುಣ್ಣ ಸುರಿದು ಹೂಳುತ್ತಿದ್ದಳು. ಎಷ್ಟು ತೊಳೆದರೂ ಕೈಯ ನಾತ ಹೋಗುತ್ತಿರಲಿಲ್ಲ. ಪೇಟೆಯ ಔಷಧಿಗೂ ರೋಗ ಜಗ್ಗಲಿಲ್ಲ.

ಮೀನು ಪರೀಕ್ಷಿಸಲು ಬಂದ ಡಾಕ್ಟರಮ್ಮ ಡೆಲಾಲಿ ಹೇಳಿದಳು: “ಕಹಿಸೊಪ್ಪು, ಬೆಳ್ಳುಳ್ಳಿ ರಸ ಹಿಂಡಿ ಮೇವಿಗೆ ಕಲಸಿ ನೋಡಕ್ಕ. ಮೇವು ಬಿಟ್ಟಿರೋ ಮೀನು ಉಳಿಯಲ್ಲ. ಇನ್ನೂ ತಿಂತಿರೋವು ಉಳಿದ್ರೂ ಉಳೀಬಹುದು.”

ಸೆಫಾಕೊರ್ ಅಂಗಳದ ಒರಳಿಗೆ ಸೊಪ್ಪು ತುಂಬಿ, ಯಾರ ಮೇಲೋ ಸೇಡು ತೀರಿಸಿಕೊಳ್ಳುವವಳಂತೆ ಒನಕೆಯಿಂದ ಕುಟ್ಟಿದಳು. ರಸ ಬೆರೆತ ಮೇವನ್ನು ನೆರಳಲ್ಲಿ ಆರಿಸಿ ಪಂಜರಗಳಿಗೆ ಚೆಲ್ಲಿದಳು. ಸಾವು ನಿಲ್ಲಲಿಲ್ಲ, ಆದರೆ ಬರಬರುತ್ತಾ ದಿಮ್ಮಿಗೆ ಬರುವ ಮೀನು ಕಡಿಮೆಯಾದವು.

ಕ್ಪೊಡೊನ ಪಂಜರಗಳಲ್ಲಿ ಮಾತ್ರ ಹೆಣಗಳೇ ತೇಲುತ್ತಿದ್ದವು. ಅವನ್ನು ಅವನು ಸರೋವರಕ್ಕೇ ಎಸೆಯುತ್ತಿದ್ದ. ಒಂದು ಮಧ್ಯಾಹ್ನ ಹೆಂಡ ಕುಡಿದು, ಮಚ್ಚು ಹಿಡಿದು ದೋಣಿಯಲ್ಲಿ ಅವಳ ಪಂಜರಗಳ ಬಳಿ ಬಂದ. ಸೊಪ್ಪು ಕುಟ್ಟುತ್ತಿದ್ದ ಸೆಫಾಕೊರ್ ಒನಕೆ ಸಮೇತ ದಡಕ್ಕೆ ಬಂದಳು.

“ಏಯ್ ಮುಂಡೆ! ಹಸಿರು ವಿಷ ಬಿಟ್ಟು ನನ್ನ ಮೀನು ಕೊಲ್ತೀಯಾ?”

“ಕೊಳೆತ ಹೆಣ ನನ್ನ ಕಡೆ ತೇಲಿಬಿಡ್ತಿರೋನು ನೀನು! ದೋಣಿ ತಿರುಗಿಸು, ಇಲ್ಲಾಂದ್ರೆ ನಿನ್ನಣ್ಣನ ಪಕ್ಕದಲ್ಲೇ ಹೂಳ್ತೀನಿ!”

ಅವನು ಮಚ್ಚು ಬೀಸಿದ. ಅವಳ ಒಂದು ಪಂಜರದ ಬಲೆ ಬುಡದವರೆಗೆ ಸೀಳಿತು. ಅದರಲ್ಲಿ ಬದುಕುಳಿದಿದ್ದ ಮೀನೆಲ್ಲ ಬೆಳ್ಳಗೆ ಮಿಂಚಿ ಆಳಕ್ಕೆ ಜಾರಿಹೋದವು. ಸೆಫಾಕೊರ್ ದಡದಿಂದ ಒನಕೆ ಹಿಡಿದೇ ನೀರಿಗೆ ಧುಮುಕಿದಳು. ಮುಂದಿನ ಏಟು ಅವಳ ಎಡಗೈಗೆ ಬಿತ್ತು, ಮೂಳೆ ಕಂಡಿತು. ಅವಳು ಬಲಗೈಯಲ್ಲೇ ಒನಕೆ ತಿರುವಿ ಅವನ ದವಡೆಗೆ ಇಟ್ಟಳು. ಲಟಕ್ಕೆಂದಿತು. ನೀರಿಗೆ ಉರುಳಿದವನ ಕೂದಲು ಹಿಡಿದು ತಲೆಯನ್ನು ಅದುಮಿದಳು. ಗುಳ್ಳೆಗಳು ಎದ್ದವು, ಕಮ್ಮಿಯಾದವು. ಆಗಲೂ ಅವಳ ಹಿಡಿತ ಸಡಿಲಲಿಲ್ಲ. ಕ್ಪೊಡೊನ ಹೆಂಡತಿ ಜಾಟುಗ್ಬೆ ಈಜಿ ಬಂದು ಅವಳ ಭುಜವನ್ನು ರಕ್ತ ಬರುವಂತೆ ಕಚ್ಚಿದ ಮೇಲೆಯೇ ಕೈ ಬಿಟ್ಟಿದ್ದು.

ಊರ ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು. ಅವಳ ಕೈಗೆ ಹೊಲಿಗೆ, ಅವನ ಮುರಿದ ದವಡೆಗೆ ತಂತಿಯ ಕಟ್ಟು.

“ನಿಮ್ಮಿಬ್ಬರನ್ನ ಹಿಂಗೇ ಬಿಟ್ಟರೆ ರೋಗಕ್ಕೆ ಕೆಲಸಾನೇ ಇರಲ್ಲ, ನೀವೇ ಎಲ್ಲಾ ಮುಗಿಸ್ತೀರ,” ಎಂದು ಮುದುಕರು ಉಗಿದರು. ಇಬ್ಬರಿಗೂ ಒಂದೊಂದು ಕುರಿ ದಂಡ. ಸೀಳಿದ ಬಲೆ ಕಟ್ಟಿಕೊಡುವ ಹೊಣೆ ಕ್ಪೊಡೊನದು.

ಕ್ಪೊಡೊನ ಮೀನೆಲ್ಲ ಸತ್ತವು. ಅವಳ ಎಡಗೈಯ ಎರಡು ಬೆರಳು ಮತ್ತೆ ಮಡಚಲೇ ಇಲ್ಲ. ಕೊಲೆಗಾತಿ ಆಗುವುದಕ್ಕೆ ಎಷ್ಟು ಹತ್ತಿರ ಹೋಗಿದ್ದೆನೆಂದು ಒಬ್ಬಳೇ ಇದ್ದಾಗ ನೆನೆಯುತ್ತಿದ್ದಳು.

ಮರುವರ್ಷ ಕ್ಪೊಡೊ ತನ್ನ ಪಂಜರಗಳಿಗೆ ಹೊಸ ಮರಿ ಬಿಟ್ಟ. ಬಿಸಿಲು ಏರುವ ಮೊದಲೇ ಜಾಟುಗ್ಬೆ ಅಂಗಳಕ್ಕೆ ಬಂದು ನಿಂತಳು.

“ಸೊಪ್ಪು ಹೆಂಗೆ ಕಲಸ್ತೀಯಕ್ಕ?”

“ನಿನಗೆ ಒನಕೆ ಯಾಕೆ? ಹಲ್ಲಲ್ಲೇ ಅಗಿ.”

“ಅವತ್ತು ಕಚ್ಚದಿದ್ರೆ ಇವತ್ತು ಜೈಲಲ್ಲಿ ಇರ್ತಿದ್ದೆ ನೀನು.”

ಸೆಫಾಕೊರ್ ಒರಳನ್ನು ಕಾಲಿನಿಂದ ಅವಳತ್ತ ತಳ್ಳಿದಳು. “ಎಳೇ ಎಲೆ ಆರಿಸ್ಕೊಂಡು ಬಾ. ದಂಟು ಬೇಡ.”

ಕ್ಪೊಡೊ ಇಂದಿಗೂ ಅವಳೊಂದಿಗೆ ಮಾತಾಡುವುದಿಲ್ಲ. ಆದರೆ ಸತ್ತ ಮೀನನ್ನು ಈಗ ನೀರಿಗೆ ಎಸೆಯದೆ ದಡಕ್ಕೆ ತಂದು ಹೂಳುತ್ತಾನೆ.