ಭಾವನ ಫೋನಿಗೊಂದು ಸರ್ವರ್

ಶಿವನಿಯಲ್ಲಿರುವ ನಮ್ಮಕ್ಕನ ಮನೆಯಲ್ಲಿ ಒಗ್ಗರಣೆ ಸೀದ ವಾಸನೆ ಬಂತೆಂದರೆ ಭಾವನಿಗೆ ಫೋನ್ ಬಂದಿದೆ ಎಂದೇ ತಿಳಿಯಬೇಕಿತ್ತು, ನೋಡಿ. ಭಾವನದು ತೆಂಗಿನಕಾಯಿ ವ್ಯಾಪಾರ. ಜ್ವರವೊಂದು ಅವರ ಶ್ರವಣಶಕ್ತಿಯನ್ನು ಪೂರ್ತಿ ಕಸಿದುಕೊಂಡ ಮೇಲೆ, ಫೋನಿನಲ್ಲೇ ನಡೆಯುವ ಆ ವ್ಯಾಪಾರಕ್ಕೆ ಅಕ್ಕನೇ ಕಿವಿಯಾದಳು. ಒಲೆಯ ಮುಂದಿನಿಂದ ಓಡಿಬಂದು, ಮಂಡಿಯವರು ಹೇಳಿದ್ದನ್ನು ಕೇಳಿ, ಬರೆದು ತೋರಿಸುವಳು. ಹೀಗಾಗಿ ಅವಳು ಮನೆ ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ.

ಸಾಫ್ಟ್‌ವೇರ್ ಬರೆಯುವ ನಾನು, ವ್ಯಾಪಾರಿಗಳ ಮಾತನ್ನು ಅಕ್ಷರವಾಗಿಸಿ ಭಾವನ ಫೋನಿನಲ್ಲಿ ತೋರಿಸುವ ಕೆಲಸಕ್ಕೆ ಕೈಹಾಕಿದೆ. ಅದಕ್ಕೊಂದು ಅಪ್ಲಿಕೇಶನ್ ಸರ್ವರ್ ಬೇಕು. ಎಂದರೆ, ಬಂದ ಮಾತನ್ನೆಲ್ಲ ಬರಮಾಡಿಕೊಂಡು ಸೇರಬೇಕಾದಲ್ಲಿಗೆ ಸೇರಿಸುವ ಕಂಪ್ಯೂಟರ್. ಕಡೂರಿನ ನನ್ನ ಮನೆಯ ಅಕ್ಕಿಮೂಟೆಯ ಪಕ್ಕದಲ್ಲೇ ಹಳೆಯದೊಂದನ್ನು ಹೂಡಿದೆ. ಎಲ್ಲೆಲ್ಲಿಯೋ ಕೂತು, ಇಂಥ ಕೆಲಸದ ಸಾಫ್ಟ್‌ವೇರನ್ನು ಬರೆದು ಪುಕ್ಕಟೆ ಹಂಚಿದ ಅಪರಿಚಿತರನ್ನು ಆಗ ಎಷ್ಟು ನೆನೆದೆನೋ! ಶಿವನಿಯ ಹೆಸರನ್ನೇ ಕೇಳದವರು ಶಿವನಿಯ ಒಬ್ಬರಿಗಾಗಿ ದುಡಿದಿದ್ದರು.

ನನ್ನ ಮನೆಯಲ್ಲಿ ಎಲ್ಲವೂ ಸರಿಯಾಗಿ ನಡೆಯಿತು. ಶಿವನಿಯಲ್ಲಿ ಮಾತ್ರ ಭಾವನ ಫೋನು ಖಾಲಿ.

"ಏನೂ ಬತ್ತಿಲ್ಲ ಕಣೇ," ಎಂದಳು ಅಕ್ಕ ಫೋನಿನಲ್ಲಿ. ಹಿಂದೆಯೇ ಭಾವನ ಸಂದೇಶ: "ಬಿಡಮ್ಮ, ಸಾಕು. ವ್ಯಾಪಾರಾನೇ ಬಿಟ್ಬಿಡ್ತೀನಿ."

ರಾತ್ರಿ ಮತ್ತೆ ಸರ್ವರಿನ ಮುಂದೆ ಕೂತೆ. ಮತ್ತೆ ಮತ್ತೆ ಕೆದಕಿದಾಗ ಕಂಡಿತು: ಆ ಸರ್ವರ್ ತನ್ನ ಮಾತನ್ನಷ್ಟೇ ಕೇಳುವಂತೆ, ಹೊರಗಿನವರಿಗೆ ಓಗೊಡದಂತೆ ನಾನೇ ಹೂಡಿಬಿಟ್ಟಿದ್ದೆ. ಒಂದೇ ಸಾಲು ತಿದ್ದಿ, ಬೆಳಗಿನ ರೈಲು ಹತ್ತಿ ಶಿವನಿಗೆ ಹೋದೆ.

ಕಡೂರಿನ ಮಂಡಿಯಿಂದ ಕರೆ ಬಂತು. ಅಭ್ಯಾಸಬಲದಿಂದ ಓಡಿಬಂದ ಅಕ್ಕನನ್ನು ಭಾವ ಕೈಯೆತ್ತಿ ತಡೆದರು. ಪರದೆಯ ಮೇಲೆ ಅಕ್ಷರಗಳು ಮೂಡಿದವು: "ಏನಪ್ಪಾ, ತಾಯಿ ರೆಡಿ ಐತಾ? ಗಾಡಿ ಕಳುಸ್ಲಾ?"

ಭಾವ ಮನೆ ನಡುಗುವಂತೆ ನಕ್ಕರು. "ಕಳ್ಸಣ್ಣ, ಕಳ್ಸು! ತಾಯಿ ಅಲ್ಲ, ಕಾಯಿ ರೆಡಿ ಐತೆ!"

'ಕ'ಕಾರವನ್ನು 'ತ'ಕಾರ ಮಾಡಿದ ಯಂತ್ರದ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ತಪ್ಪಾಗಿ ಕೇಳಿಸಿಕೊಳ್ಳುವ ಭಾಗ್ಯವೂ ಕೇಳಿಸಿಕೊಳ್ಳಬಲ್ಲವರಿಗೇ ಅಲ್ಲವೇ?

ಅಕ್ಕ ಕಂಬಕ್ಕೊರಗಿ ನಿಂತೇ ಇದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ಕೆಮ್ಮಣ್ಣುಗುಂಡಿಗೆ ಹೋಗ್ಬತ್ತೀನಿ ಕಣೇ," ಎಂದಳು.

"ಯಾರ ಜೊತೆ?"

"ಒಬ್ಳೇ."

ಹೋದಳು. ತನ್ನ ಫೋನನ್ನು ಮನೆಯಲ್ಲೇ ಬಿಟ್ಟು.